ಜೈಸಲ್ಮೇರಿನ ಬೆಳಗಿನ ಎಂಟೂವರೆ

ಮಧ್ವರಾಜ ಅಜ್ಜ ನಡೆಯುವುದನ್ನು ಹಿಂದಿನಿಂದ ನೋಡಬೇಕು. ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಕಾಂಡೋದ ಹದಿನಾಲ್ಕನೇ ಮಹಡಿಯ ಕಾರಿಡಾರು, ದಿನಕ್ಕೆರಡು ಸಲ ಔಷಧಿ ಹಾಕಿ ಒರೆಸಿ ಮುಖ ಕಾಣುವಷ್ಟು ನುಣುಪಾದ ಬಿಳಿ ಟೈಲ್ಸು. ಅದರ ಮೇಲೆ ಎಪ್ಪತ್ತೆರಡು ವರ್ಷದ ಈ ಮನುಷ್ಯ ಒಂದೊಂದು ಹೆಜ್ಜೆಯನ್ನೂ ಯಾವುದರೊಳಗಿಂದಲೋ ಕಿತ್ತು, ಮೇಲೆತ್ತಿ, ಸ್ವಲ್ಪ ಪಕ್ಕಕ್ಕೆ ಹೊರಳಿಸಿ, ಮತ್ತೆ ಮೆಲ್ಲಗೆ ಹೂಳುತ್ತ ಹೋಗುತ್ತಿದ್ದರು. ಅಲ್ಲಿ ಮರಳಿರಲಿಲ್ಲ. ಇಲ್ಲವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಅವರ ಕಾಲಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಎಂಸಿಓ ಬಂದು (ಇಲ್ಲಿ ಲಾಕ್‌ಡೌನ್‌ಗೆ ಹಾಗನ್ನುತ್ತಾರೆ) ಕಾಲೇಜು ಮುಚ್ಚಿ, ಕೆಳಗಿನ ಈಜುಕೊಳಕ್ಕೆ ಕೆಂಪು ಬಿಳಿ ಟೇಪು ಸುತ್ತಿ, ಮನೆಗೊಬ್ಬರೇ ಸಾಮಾನಿಗೆ ಹೋಗಬೇಕೆಂದು ಆಜ್ಞೆಯಾದ ಮೇಲೆ, ನಾನು ಮೊದಲ ಸಲ ಫೋನಿನಿಂದ ತಲೆಯೆತ್ತಿ ಎದುರುಮನೆಯ ಕಡೆ ನೋಡಿದ್ದು. ಮೂರು ವರ್ಷದಿಂದ ಇಂಥ ಒಂದು ಆಶ್ಚರ್ಯ ನನ್ನ ಬಾಗಿಲಿಂದ ಎಂಟು ಹೆಜ್ಜೆ ದೂರದಲ್ಲಿ ಓಡಾಡುತ್ತಿತ್ತು, ನಾನು ಇಯರ್‌ಫೋನ್ ಹಾಕಿಕೊಂಡು ಲಿಫ್ಟಿಗೆ ಹೋಗುತ್ತಿದ್ದೆ!

"ತಾತ, ಕಾಲು ನೋವಾ?" ಎಂದು ಕೇಳಿದೆ.

"ತಾತ ಅಂದ್ರೆ ಬೇರೆ ಯಾರನ್ನೋ ಕರೆದ ಹಾಗೆ ಆಗ್ತದೆ ಮಾರಾಯ್ತಿ. ಅಜ್ಜ ಅನ್ನು. ಕಾಲು ಸರಿ ಉಂಟು. ನೆಲ ಸ್ವಲ್ಪ ಗಟ್ಟಿ ಆಯ್ತು, ಅಷ್ಟೇ."

ಅವರ ಕೋಟಿನ ವಿಷಯ ಇನ್ನೂ ವಿಚಿತ್ರ. ಕತ್ತಿನ ಬೆವರು ಒಣಗುವುದಕ್ಕೇ ಪುರುಸೊತ್ತಿಲ್ಲದ ಈ ದೇಶದಲ್ಲಿ ಅವರು ಕಂದು ಉಣ್ಣೆಯ ತೋಳಿಲ್ಲದ ಕೋಟೊಂದನ್ನು ಬೆಳಗಿನಿಂದ ಸಂಜೆಯವರೆಗೆ ಹಾಕಿಕೊಂಡಿರುತ್ತಿದ್ದರು. ಅವರು ಕೂತು ಎದ್ದ ಕುರ್ಚಿಯ ಮೇಲೆ ಪ್ರತಿ ಸಲವೂ ಒಂದು ಚಿಟಿಕೆಯಷ್ಟು ಹಳದಿ ಮರಳು ಉಳಿದಿರುತ್ತಿತ್ತು. ಬೆರಳಲ್ಲಿ ಮುಟ್ಟಿ ನೋಡಿದ್ದೇನೆ. ನುಣ್ಣಗೆ, ಬೆಚ್ಚಗೆ, ಅರಿಸಿನದಷ್ಟು ಸಣ್ಣಗೆ ಇತ್ತು. ಅವರ ಮಗಳು ಅಕ್ಷಯಾ ಆಂಟಿ, ಬ್ಯಾಂಕೊಂದರ ಸಾಫ್ಟ್‌ವೇರ್ ಕೆಲಸದವರು, ದಿನವಿಡೀ ಮೀಟಿಂಗಿನಲ್ಲೇ ಇರುವವರು, ಹೆಡ್‌ಸೆಟ್ಟಿನ ಮೈಕನ್ನು ಕೈಯಲ್ಲಿ ಮುಚ್ಚಿಕೊಂಡು ನನ್ನ ಹತ್ತಿರ ದೂರಿದ್ದರು: "ಹನ್ನೊಂದು ಸಲ ಮೆಷಿನ್‌ಗೆ ಹಾಕಿದೀನಿ ಪೂರ್ವಿ, ಹನ್ನೊಂದು ಸಲ! ಬಾಂಗ್ಸಾರ್‌ನಲ್ಲಿ ಡ್ರೈಕ್ಲೀನಿಂಗ್‌ಗೂ ಕೊಟ್ಟಿದ್ದೆ. ಎಲ್ಲಿಂದ ಬರುತ್ತೋ ನಂಗೊತ್ತಿಲ್ಲ."

ಅಜ್ಜನ ಉತ್ತರ ಸರಳವಾಗಿತ್ತು. "ಆ ಊರಿನ ಮರಳಿಗೆ ನೀರಿನ ಅಭ್ಯಾಸ ಇಲ್ಲ. ನೀರು ಹಾಕಿದ್ರೆ ಹೆದರಿ ಇನ್ನೂ ಒಳಗೆ ಹೋಗಿ ಕೂತ್ಕೊಳ್ತದೆ."

ನಾನು ನಕ್ಕೆ. ಅವರು ನಗಲಿಲ್ಲ. ನಗದ ಮುಖ ನೋಡಿ ನನ್ನ ತೋಳಿನ ಮೇಲಿನ ಕೂದಲು ನಿಂತದ್ದು, ಮತ್ತು ನನಗೆ ಅದರಿಂದ ಎಲ್ಲಿಲ್ಲದ ಖುಷಿಯಾದದ್ದು, ಎರಡೂ ನಿಜ.

ಉಡುಪಿಯ ಕಡೆಯ, ಸಮುದ್ರದ ಸದ್ದು ಕೇಳುತ್ತ ಹುಟ್ಟಿ ಬೆಳೆದ ಮನುಷ್ಯ, ಮರುಭೂಮಿಯನ್ನು ಅಧ್ಯಯನ ಮಾಡುವ ಒಂದು ಸಂಸ್ಥೆಯ ಹವಾಮಾನ ಠಾಣೆಗೆಂದು ಮೂರು ವರ್ಷದ ಮಟ್ಟಿಗೆ ಜೈಸಲ್ಮೇರಿಗೆ ಹೋದವರು, ಮೂರು ಮೂವತ್ತನಾಲ್ಕಾಯಿತು. ಹೆಂಡತಿ ತೀರಿಕೊಂಡು, ಹೃದಯಕ್ಕೆ ಬೈಪಾಸ್ ಆಗಿ, ಮಗಳು ಹಠ ಹಿಡಿದು ಕರೆತಂದ ಮೇಲೆ ಮಲೇಷ್ಯಾಕ್ಕೆ ಬಂದರು. ಬಂದರು ಎನ್ನುವುದು ಪಾಸ್‌ಪೋರ್ಟಿನ ಮಟ್ಟಿಗೆ ಸರಿ. ಅವರು 'ಸೆಕೆ' ಎಂಬ ಶಬ್ದ ಬಳಸಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ, ಅಂಕಿ ಹೇಳುತ್ತಿದ್ದರು. ಅಮ್ಮ ಕಾರಿಡಾರಿನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ "ಏನ್ ಸೆಕೆ ಅಲ್ವಾ" ಎಂದರೆ, "ಮೂವತ್ತೆರಡು ಪಾಯಿಂಟ್ ನಾಲ್ಕು. ರೀಡಿಂಗ್ ಹಾಗೆ ಹೇಳ್ತದೆ" ಎಂದು ಗಂಭೀರವಾಗಿ ಒಪ್ಪುತ್ತಿದ್ದರು. ಯಾವ ಮಾತಿಗೂ ಕೊನೆಗೆ ಅದೇ ಮೊಹರು. ಸಾರಿಗೆ ಉಪ್ಪು ಸಾಲದಿದ್ದರೂ, ಮಂತ್ರಿಗಳು ಟೀವಿಯಲ್ಲಿ ಎಂಸಿಓ ಇನ್ನೆರಡು ವಾರ ಎಂದರೂ, ರೀಡಿಂಗ್ ಹಾಗೆ ಹೇಳುತ್ತಿತ್ತು.

ಅವರ ಬಾಲ್ಕನಿಯಲ್ಲಿ ಎರಡು ಥರ್ಮಾಮೀಟರುಗಳು ಪಕ್ಕಪಕ್ಕದಲ್ಲಿ ನೇತಾಡುತ್ತಿದ್ದವು. ಒಂದು ಬರಿಯ ಗಾಜು. ಇನ್ನೊಂದರ ಬುಡಕ್ಕೆ ತೆಳು ಬಟ್ಟೆ ಸುತ್ತಿ, ಬಟ್ಟೆಯ ಬಾಲವನ್ನು ಕೆಳಗಿನ ಪುಟ್ಟ ನೀರಿನ ಸೀಸೆಗೆ ಇಳಿಬಿಟ್ಟಿತ್ತು. ಮೊದಲನೆಯದು ಒಣ, ಎರಡನೆಯದು ಒದ್ದೆ. "ಗಾಳಿಗೆ ಬಾಯಾರಿಕೆ ಇದ್ರೆ ಈ ಬಟ್ಟೆಯ ನೀರು ಕುಡೀತದೆ," ಎಂದು ಅಜ್ಜ ವಿವರಿಸಿದ್ದರು. "ಕುಡಿದಷ್ಟೂ ಒದ್ದೆಯದ್ದು ತಣ್ಣಗಾಗ್ತದೆ, ಕೆಳಗೆ ಇಳೀತದೆ. ಎರಡರ ನಡುವೆ ಎಷ್ಟು ಅಂತರವೋ ಅಷ್ಟು ದಾಹ. ಇಲ್ಲಿ ನೋಡು, ಮೂರು ಡಿಗ್ರಿ. ಹೊಟ್ಟೆ ತುಂಬಿದ ಗಾಳಿ. ಅಲ್ಲಿ ಹನ್ನೊಂದು, ಹನ್ನೆರಡು, ಮಧ್ಯಾಹ್ನ ಆದ್ರೆ ಇಪ್ಪತ್ತೂ ಉಂಟು."

"ಅಲ್ಲಿ" ಎಂದರೆ ಜೈಸಲ್ಮೇರು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಅಂದರೆ ಜೈಸಲ್ಮೇರಿನ ಎಂಟೂವರೆಗೆ, ಅವರ ಫೋನು ಹೊಡೆದುಕೊಳ್ಳುತ್ತಿತ್ತು. ಆ ಕಡೆ ಖೇತಾರಾಮ್. ಠಾಣೆಯಲ್ಲಿ ಕಾವಲಿಗೆಂದು ಬಂದ, ಅಕ್ಷರ ಗೊತ್ತಿಲ್ಲದ ಇಪ್ಪತ್ತೈದರ ಯುವಕನಿಗೆ ಅಜ್ಜ ಗಾಜಿನ ಕೊಳವೆಯ ಮೇಲಿನ ಗೀಟುಗಳಿಂದಲೇ ಅಂಕಿ ಕಲಿಸಿದ್ದರಂತೆ. ಮೂರು ತಿಂಗಳಲ್ಲಿ ಅವನು ಡಿಗ್ರಿಯ ಹತ್ತನೆಯ ಒಂದು ಪಾಲನ್ನೂ ಕಣ್ಣಳತೆಯಲ್ಲಿ ಓದತೊಡಗಿದ. ಮುಂದೆ ಠಾಣೆಗೆ ತಾನೇ ಓದಿಕೊಳ್ಳುವ ಯಂತ್ರ ಬಂದು, ಹಳೆಯ ಸಲಕರಣೆಗಳನ್ನು ಬಿಸಾಡಿದಾಗ, ಎರಡು ಥರ್ಮಾಮೀಟರುಗಳಿದ್ದ, ಜಾಲರಿ ಬಾಗಿಲ ಬಿಳಿ ಮರದ ಪೆಟ್ಟಿಗೆಯನ್ನು ಖೇತಾರಾಮ್ ತಲೆಯ ಮೇಲೆ ಹೊತ್ತುಕೊಂಡು ಹೋಗಿ ತನ್ನ ಮನೆಯ ತಾರಸಿಯಲ್ಲಿ ನೆಟ್ಟ. ಯಾರೂ ಕೇಳದ, ಯಾವ ಕಚೇರಿಗೂ ಬೇಡದ ಆ ಅಂಕಿಯನ್ನು ಅವನು ಒಂದು ದಿನವೂ ತಪ್ಪಿಸದೆ ಓದಿ ಅಜ್ಜನಿಗೆ ಹೇಳುತ್ತಿದ್ದ, ಅಜ್ಜ ಉದ್ದನೆಯ ಹಸಿರು ರಟ್ಟಿನ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಎಡಗಡೆ ಸುಬಾಂಗ್ ಜಯಾ, ಬಲಗಡೆ ಜೈಸಲ್ಮೇರು. ಜೈಸಲ್ಮೇರಿನದು ಮೂವತ್ತೇಳು ವರ್ಷದ್ದು. ಖೇತಾರಾಮನ ಮಗನ ಮದುವೆಯ ದಿನವೂ ಇತ್ತು, ಅಜ್ಜಿ ತೀರಿಕೊಂಡ ದಿನವೂ ಇತ್ತು. ನಾನು ಹಾಳೆ ತಿರುವಿ ತಿರುವಿ ಹುಡುಕಿದ್ದೇನೆ, ಒಂದೇ ಒಂದು ಖಾಲಿ ಸಾಲಾದರೂ ಸಿಕ್ಕೀತೇ ಎಂದು.

ಫೋನಿನ ದನಿ ಅಜ್ಜನಿಗೆ ಸರಿಯಾಗಿ ಕೇಳುತ್ತಿರಲಿಲ್ಲ, ಆಂಟಿಗೆ ಆ ಹೊತ್ತಿಗೇ ಮೀಟಿಂಗು. ಹಾಗಾಗಿ ಹನ್ನೊಂದರ ಮೈಕ್ರೋಎಕನಾಮಿಕ್ಸ್ ಕ್ಲಾಸಿನ ಕ್ಯಾಮೆರಾ ಆಫ್ ಮಾಡಿ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಬಿಟ್ಟು ನಾನು ಎದುರುಮನೆಗೆ ಓಡುವುದೆಂದು ಗೊತ್ತಾಯಿತು. ಸ್ಪೀಕರಿನಲ್ಲಿ ಖೇತಾರಾಮನ ಒಡಕು ಗಂಟಲು: "ಸೂಖಾ ತೇತೀಸ್, ಗೀಲಾ ಬಾಯೀಸ್, ಆಸಮಾನ್ ಸಾಫ್." ಒಣ ಮೂವತ್ತಮೂರು, ಒದ್ದೆ ಇಪ್ಪತ್ತೆರಡು, ಆಕಾಶ ಶುಭ್ರ. ನಾನು ಅದನ್ನು ಅಜ್ಜನ ಕಿವಿಗೆ ಕೂಗುತ್ತಿದ್ದೆ. ಅವರು ಬರೆದು, ಪೆನ್ನಿನ ಕ್ಯಾಪು ಹಾಕಿ, ಅರ್ಧ ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದರು. ಅಷ್ಟು ಸಾಕಿತ್ತು ಅವರಿಗೆ. ಆ ಎರಡು ಅಂಕಿಗಳ ನಡುವಿನ ಸಂದಿಯಲ್ಲಿ ಇಡೀ ಊರು ಎದ್ದು ನಿಲ್ಲುತ್ತಿತ್ತು. "ಗಡೀಸರ್ ಕೆರೆಯ ಮೆಟ್ಟಿಲು ಈಗ ಬರಿಗಾಲಿಗೆ ತಡೆಯುವಷ್ಟು ಬಿಸಿ," ಎನ್ನುತ್ತಿದ್ದರು. "ಇನ್ನು ಒಂದು ಗಂಟೆ. ಆಮೇಲೆ ಪಾರಿವಾಳವೂ ಇಳಿಯುದಿಲ್ಲ."

ಆ ಊರನ್ನು ಅವರು ನನಗೆ ತೋರಿಸಿದ್ದು ಪಾರ್ಕಿಂಗಿನಲ್ಲಿ. ಕಾಂಡೋದ ನೆಲಮಾಳಿಗೆಯ ಮೂರನೇ ಅಂತಸ್ತು. ಯಾರೂ ಎಲ್ಲಿಗೂ ಹೋಗದ ತಿಂಗಳುಗಳಲ್ಲಿ ಕಾರುಗಳ ಮೇಲೆ ಬೂದುಬಣ್ಣದ ಧೂಳು ಕೂತು, ಅರ್ಧ ದೀಪಗಳನ್ನು ಆರಿಸಿ, ಫ್ಯಾನುಗಳನ್ನೂ ನಿಲ್ಲಿಸಿದ್ದರು. ಡಾಕ್ಟರು ದಿನಕ್ಕೆ ಅರ್ಧ ಗಂಟೆ ನಡೆಯಬೇಕೆಂದಿದ್ದರಿಂದ ಮಧ್ಯಾಹ್ನದ ಮಳೆಗೆ ಮೊದಲು, "ಬಾ ಮಾರಾಯ್ತಿ, ಊರು ಸುತ್ತಿ ಬರುವ" ಎಂದು ಅವರು ಕರೆಯುತ್ತಿದ್ದರು. ಕಾರು ಮೇಲೇರುವ ಇಳಿಜಾರು ಅಲ್ಲಿನ ಕೋಟೆ ನಿಂತ ತ್ರಿಕೂಟ ಬೆಟ್ಟ, ಅದರ ತಿರುವುಗಳು ಕೋಟೆಯ ನಾಲ್ಕು ಬಾಗಿಲು: ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್. "ಹನ್ನೆರಡನೇ ಶತಮಾನದಲ್ಲಿ ರಾವಲ್ ಜೈಸಲ್ ಇಲ್ಲಿ ಕೋಟೆ ಹಾಕಿಸಿದ. ಎಲ್ಲ ಕೋಟೆಯಲ್ಲಿ ಈಗ ಬಾವಲಿ ಉಂಟು, ಇದರಲ್ಲಿ ಇನ್ನೂ ಸಂಸಾರ ಉಂಟು. ಬಟ್ಟೆ ಒಣಗಿಸ್ತಾರೆ, ಜಗಳ ಆಡ್ತಾರೆ." ಕಂಬಗಳ ಸಾಲು ಪಟುವಾ ವ್ಯಾಪಾರಿಗಳ ಹವೇಲಿ. ಗಾರೆ ಕಲಸುವುದಕ್ಕೆ ನೀರಿಲ್ಲದ ಊರಿನಲ್ಲಿ ಆ ಜನ ಹಳದಿ ಕಲ್ಲುಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಐದಂತಸ್ತು ಎಬ್ಬಿಸಿದ್ದರಂತೆ, ಕಲ್ಲಿನಲ್ಲಿ ಜಾಲರಿ ಕೊರೆದು ಕಿಟಕಿ ಇಟ್ಟಿದ್ದರಂತೆ. ವರ್ಷಕ್ಕೆ ಒಂದು ಗೇಣು ಮಳೆ. ಚಳಿಗಾಲದ ಬೆಳಗಿನಲ್ಲಿ ಕೊಡದ ನೀರು ಮುಟ್ಟಿದರೆ ಬೆರಳು ಸೆಟೆಯುತ್ತದೆ, ಜೂನಿನಲ್ಲಿ ಬೀಸುವ 'ಲೂ' ಗಾಳಿ ಮೂಗಿನೊಳಗಿನ ಕೂದಲನ್ನೂ ಸುಡುತ್ತದೆ. ಎಂಟು ನೂರು ವರ್ಷ ಬಿಸಿಲಿಗೆ ಬಗ್ಗದ ಕೋಟೆಯ ಗೋಡೆ, ಮನೆಮನೆಗೆ ನಲ್ಲಿ ಬಂದ ಮೇಲೆ, ಚರಂಡಿಯ ತೇವ ಬುಡಕ್ಕಿಳಿದು ಕುಸಿಯತೊಡಗಿತೆಂದು ಹೇಳುವಾಗ ಅವರ ದನಿ ಒಬ್ಬ ರೋಗಿಯ ಬಗ್ಗೆ ಮಾತಾಡುವವರ ಹಾಗಿತ್ತು.

"ತಲೆ ಬಗ್ಗಿಸು, ಇಲ್ಲಿ ಝರೋಖಾ ತಗ್ಗು," ಎನ್ನುತ್ತಿದ್ದರು ಒಂದು ಕಡೆ. ಹೊರಚಾಚಿದ ಕಿಟಕಿಯಿರಬೇಕಾದಲ್ಲಿ ಬರಿಯ ಗಾಳಿ. ಎರಡನೇ ವಾರದಿಂದ ನಾನು ಅವರು ಹೇಳುವ ಮೊದಲೇ ತಲೆ ಬಗ್ಗಿಸುತ್ತಿದ್ದೆ. ಒಮ್ಮೆ ಮರೆತು ನೇರ ನಡೆದೆ. ನೆತ್ತಿಗೆ ಏನೂ ತಾಗಲಿಲ್ಲ, ಆದರೆ ತಾಗುವುದಕ್ಕೆ ಮುಂಚಿನ ಆ ತಂಪು ನೆರಳು ಮಾತ್ರ ತಲೆಯ ಮೇಲೆ ಹಾದುಹೋಯಿತು. ಇನ್ನೊಂದು ದಿನ ನಾಲ್ಕನೇ ತಿರುವಿನಲ್ಲಿ, ಹವಾ ಪೋಲ್‌ನಲ್ಲಿ, ಫ್ಯಾನು ನಿಂತು ವಾರಗಳಾದ ಆ ನೆಲಮಾಳಿಗೆಯಲ್ಲಿ, ಒಣ ಬಿಸಿಗಾಳಿಯೊಂದು ನನ್ನ ಕೆನ್ನೆಗೆ ಬಡಿಯಿತು.

"ಅಜ್ಜ! ಫೀಲ್ ಆಯ್ತಾ? ಸೀರಿಯಸ್ಲಿ, ಎಲ್ಲಿಂದ ಬಂತದು?"

"ಆ ಬಾಗಿಲಿನ ಹೆಸರೇ ಹವಾ ಪೋಲ್. ಗಾಳಿ ಬಾರದೆ ಎಂತ ಮಾಡ್ತದೆ?"

ಪಾರ್ಕಿಂಗಿನ ಕೊನೆಯ ಮೂಲೆಯನ್ನು ಅವರು ಕುಲ್ಧರಾ ಎನ್ನುತ್ತಿದ್ದರು. ಊರಿಂದ ಸ್ವಲ್ಪ ದೂರದ ಪಾಳು ಹಳ್ಳಿಯ ಹೆಸರದು. ದಿವಾನನ ಕಾಟಕ್ಕೆ ಅಲ್ಲಿನ ಪಾಲಿವಾಲ ಬ್ರಾಹ್ಮಣರು ಒಂದೇ ಇರುಳಿನಲ್ಲಿ ಶಾಪ ಹಾಕಿ ಎದ್ದುಹೋದರೆಂದು ಜನ ಹೇಳುತ್ತಾರೆ. ನಮ್ಮ ಮೂಲೆಯಲ್ಲೂ ಹಾಗೇ, ಸಾಲಾಗಿ ಆರು ಕಾರು, ಟಯರಿನ ಗಾಳಿ ಇಳಿದು ಮೊಣಕಾಲೂರಿದ್ದವು. ಅವುಗಳ ಯಜಮಾನರು ಬೇರೆ ಬೇರೆ ದೇಶದವರು, ಹೊರಟ ಕೊನೆಯ ವಿಮಾನಗಳಲ್ಲಿ ಹೋದವರು, ಬಾರ್ಡರ್ ಮುಚ್ಚಿದ್ದರಿಂದ ಹಿಂದೆ ಬರಲಾಗದವರು. ಒಂದು ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಒಂದೇ ಒಂದು ಚಪ್ಪಲಿ ಇತ್ತು. ನನಗೆ ಭೂತದ ಕಥೆ ಬೇಕಾಗಿತ್ತು, ಬೇಡಿದೆ, ಪೀಡಿಸಿದೆ.

"ಭೂತ ಅಲ್ಲ ಮಾರಾಯ್ತಿ, ಬಾವಿ," ಎಂದರು ಅಜ್ಜ. "ನಾನು ಹೋಗಿ ಇಣುಕಿದ್ದೇನೆ. ನೀರು ಇಳೀತಾ ಇಳೀತಾ ಹೋಗಿದೆ, ಕಲ್ಲಿನ ಮೇಲೆ ಗುರುತು ಉಂಟು. ಯಾರೂ ಒಂದೇ ರಾತ್ರಿಯಲ್ಲಿ ಹೋಗುದಿಲ್ಲ. ನೋಡದೆ ಇದ್ದವರಿಗೆ ಒಂದೇ ರಾತ್ರಿ ಅಂತ ಅನ್ನಿಸ್ತದೆ."

ಅದು ಭೂತಕ್ಕಿಂತ ಹೆಚ್ಚು ಹೆದರಿಸಿತು. ಮೇಲೆ ಬಂದು ಬಾಲ್ಕನಿಯಿಂದ ನೋಡಿದರೆ ಎಲ್‌ಆರ್‌ಟಿ ರೈಲು ಹೋಗುತ್ತಿತ್ತು. ನಮ್ಮ ಲೈನಿನ ರೈಲಿಗೆ ಮೊದಲೇ ಡ್ರೈವರ್ ಇಲ್ಲ, ಈಗ ಪ್ರಯಾಣಿಕರೂ ಇಲ್ಲ. ಎಲ್ಲ ಡಬ್ಬಿಗಳಲ್ಲೂ ದೀಪ ಉರಿಸಿಕೊಂಡು, ಯಾರೂ ಇಳಿಯದ ನಿಲ್ದಾಣಗಳಲ್ಲಿ ಬಾಗಿಲು ತೆರೆದು ಮುಚ್ಚಿ, ಅದು ತನ್ನ ಪಾಡಿಗೆ ಸಾಗುತ್ತಿತ್ತು.

ಹೀಗೆ ಒಂದು ವರ್ಷ ಕಳೆದು ಇಪ್ಪತ್ತೊಂದರ ಮೇ ಬಂತು. ಇಲ್ಲಿ ಮೂರನೇ ಸಲದ ಎಂಸಿಓ, ಭಾರತದಲ್ಲಿ ಎರಡನೇ ಅಲೆ. ಅಮ್ಮನ ವಾಟ್ಸಾಪಿನಲ್ಲಿ ಬೆಳಿಗ್ಗೆ ಎದ್ದರೆ ಹಾರ ಹಾಕಿದ ಫೋಟೋಗಳು. ಹದಿನಾರನೇ ತಾರೀಕು, ಭಾನುವಾರ, ಹತ್ತೂಮುಕ್ಕಾಲಿಗೆ ಅಕ್ಷಯಾ ಆಂಟಿ ನನ್ನನ್ನು ಲಿಫ್ಟಿನ ಹತ್ತಿರ ತಡೆದು ನಿಲ್ಲಿಸಿದರು.

"ಖೇತಾರಾಮ್ ಅಂಕಲ್‌ನ ಬೆಳಗ್ಗೆ ಜೋಧಪುರಕ್ಕೆ ಕರ್ಕೊಂಡು ಹೋಗಿದಾರೆ. ಆಕ್ಸಿಜನ್ ಹಾಕಿದಾರಂತೆ. ಅಪ್ಪಂಗೆ ಹೇಳ್ಬೇಡ ಕಣೆ. ಹೋಗಕ್ಕಾಗಲ್ಲ, ನೋಡಕ್ಕಾಗಲ್ಲ, ಈ ಹಾರ್ಟ್ ಇಟ್ಕೊಂಡು ಕೂತಲ್ಲೇ ಕೊರಗ್ತಾರೆ. ಅವರ ಸೊಸೆ ಸುಗನಾ ನಂಬರ್ ಓದ್ತಾಳೆ, ನೀನು ಅಪ್ಪಂಗೆ ಹೇಳು. ಖೇತಾರಾಮ್‌ಗೆ ಗಂಟಲು ಕಟ್ಟಿದೆ ಅಂತ ಹೇಳೋಣ. ಆ ನಂಬರ್ ನಿಲ್ಬಾರ್ದು ಪೂರ್ವಿ, ನಿಂತ್ರೆ ಅವರಿಗೆ ಗೊತ್ತಾಗೋಗುತ್ತೆ."

"ಡನ್ ಆಂಟಿ. ನಂಗೆ ಬಿಡಿ," ಎಂದೆ. ಈಗ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಆ ಕ್ಷಣದಲ್ಲಿ ನನಗೆ ನಾಟಕದಲ್ಲಿ ಪಾತ್ರ ಸಿಕ್ಕ ಸಂಭ್ರಮವೇ ಆಗಿತ್ತು.

ಸುಗನಾಳ ದನಿ ಸಣ್ಣದು, ಸೆರಗಿನ ಒಳಗಿಂದ ಬಂದ ಹಾಗೆ. ಎರಡು ಅಂಕಿ ಹೇಳಿ ಫೋನ್ ಇಡುತ್ತಿದ್ದಳು. ನಾನು ಕೂಗುತ್ತಿದ್ದೆ, ಅಜ್ಜ ಬರೆಯುತ್ತಿದ್ದರು. "ಗಂಟಲಿಗೆ ಶುಂಠಿ ಹಾಕ್ಲಿಕ್ಕೆ ಹೇಳು ಅವನಿಗೆ," ಎಂದರು ಮೊದಲ ದಿನ. ಹದಿನೆಂಟನೇ ತಾರೀಕು ಸುಗನಾ ಅಂಕಿ ಹೇಳುವಾಗ ಹಿಂದೆ ಹೆಂಗಸರ ಅಳು ಕೇಳಿತು. ಅಂದು ಮುಂಜಾವಿನಲ್ಲೇ ಖೇತಾರಾಮ್ ತೀರಿಕೊಂಡಿದ್ದ. ಮನೆಯಲ್ಲಿ ಸಾವಿನ ದುಃಖ ತುಂಬಿಕೊಂಡಿದ್ದಾಗ ಆ ಹುಡುಗಿ ಏಣಿ ಹತ್ತಿ ತಾರಸಿಗೆ ಹೋಗಿ ಎರಡು ಗಾಜಿನ ಕೊಳವೆ ಓದಿ ಬಂದಿದ್ದಳು. "ಸದ್ದು ಎಂತದ್ದು?" ಎಂದರು ಅಜ್ಜ. ಕಿವಿ ಮಂದವಾದ ಅಜ್ಜ! "ಟೀವಿ ಅಜ್ಜ, ಸೀರಿಯಲ್ಲು," ಎಂದೆ ನಾನು, ಒಂದು ಸೆಕೆಂಡೂ ತಡಮಾಡದೆ.

ಆ ವಾರ ಅರಬ್ಬೀ ಸಮುದ್ರದ ಚಂಡಮಾರುತ ಗುಜರಾತಿಗೆ ಅಪ್ಪಳಿಸಿ ಮರುಭೂಮಿಯ ಕಡೆಗೂ ಮೋಡ ತಳ್ಳಿತ್ತು. ಹತ್ತೊಂಬತ್ತರಂದು ಒಣ ಮೂವತ್ತು, ಒದ್ದೆ ಇಪ್ಪತ್ತಾರು. ಅಜ್ಜ ಹಿಗ್ಗಿದರು, ಮೇ ತಿಂಗಳಲ್ಲಿ ಊರಿಗೆ ತೇವ ಬಂತೆಂದು ಮೂರು ಸಲ ಹೇಳಿದರು. ಇಪ್ಪತ್ತರಂದು ಒಣ ಮೂವತ್ತೊಂದು ಪಾಯಿಂಟ್ ಎರಡು, ಒದ್ದೆ ಇಪ್ಪತ್ತೊಂಬತ್ತು ಪಾಯಿಂಟ್ ಎಂಟು. ಅವರ ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆ ಮುಟ್ಟದೆ ನಿಂತಿತು.

"ಸೈಕ್ಲೋನ್ ಅಲ್ವಾ ಅಜ್ಜ, ಇನ್ನೂ ಮೋಡ ಇರುತ್ತೆ," ಎಂದೆ.

"ಆಕಾಶ ಹೇಗುಂಟು ಅಂತ ಕೇಳು."

ಸುಗನಾ ಹೇಳಿದಳು, ಆಕಾಶ ಶುಭ್ರ.

ಇಪ್ಪತ್ತೊಂದರಂದು ಎರಡೂ ಅಂಕಿ ಒಂದೇ ಆಯಿತು. ಮೂವತ್ತಮೂರು ಪಾಯಿಂಟ್ ನಾಲ್ಕು, ಮೂವತ್ತಮೂರು ಪಾಯಿಂಟ್ ನಾಲ್ಕು. ಅಜ್ಜ ಬರೆದರು, ಅಂದು ಪಾರ್ಕಿಂಗಿಗೆ ಕರೆಯಲಿಲ್ಲ. "ಇವತ್ತು ಊರು ಬೇಡ," ಎಂದರು. ಮರುದಿನ ಮೂವತ್ತನಾಲ್ಕು, ಮೂವತ್ತನಾಲ್ಕು. ಅದರ ಮರುದಿನ ಮೂವತ್ತೈದು ಪಾಯಿಂಟ್ ಒಂದು, ಎರಡೂ. ನನಗೆ ಏನೂ ಅರ್ಥವಾಗಿರಲಿಲ್ಲ, ಅಂಕಿ ನಿಲ್ಲದೆ ಬರುತ್ತಿದೆಯಲ್ಲ ಎಂಬ ನೆಮ್ಮದಿಯಲ್ಲಿದ್ದೆ. ಆದರೆ ಅಜ್ಜನ ಮನೆಯೊಳಗೆ ಏನೋ ಬದಲಾಗತೊಡಗಿತ್ತು. ಅವರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದರು. ಕಾರಿಡಾರಿನಲ್ಲಿ ನಡೆಯುವುದನ್ನು ನಿಲ್ಲಿಸಿ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಇಪ್ಪತ್ತಮೂರರ ಮಧ್ಯಾಹ್ನ ನಾನೊಬ್ಬಳೇ ಪಾರ್ಕಿಂಗಿಗೆ ಇಳಿದು ನಾಲ್ಕು ಬಾಗಿಲು ದಾಟಿದೆ. ಹವಾ ಪೋಲ್‌ನಲ್ಲಿ ಗಾಳಿ ನಿಂತುಹೋಗಿತ್ತು, ಉಸಿರು ಬಾಯಿಯ ಮುಂದೆಯೇ ಬಿಸಿ ಬಟ್ಟೆಯ ಹಾಗೆ ಕಟ್ಟಿಕೊಂಡಿತು, ಹವೇಲಿಗಳ ಸಾಲಿನಲ್ಲಿ ಎಲ್ಲರೂ ಕೂತಲ್ಲೇ ಸುಮ್ಮನಾದ ಹಾಗೆ ಅನ್ನಿಸಿ ಓಡಿ ಬಂದೆ.

ಇಪ್ಪತ್ತನಾಲ್ಕು, ಸೋಮವಾರ. ಮೂವತ್ತಾರು ಪಾಯಿಂಟ್ ಎರಡು, ಮೂವತ್ತಾರು ಪಾಯಿಂಟ್ ಎರಡು. ನಾನು ಕೂಗಿದೆ. ಅಜ್ಜ ಬರೆದು, ಕ್ಯಾಪು ಹಾಕಿ, ನನ್ನ ಕಡೆ ತಿರುಗಿದರು.

"ಪೂರ್ವಿ. ಒದ್ದೆ ಮೂವತ್ತೈದು ದಾಟಿದ್ರೆ ಮನುಷ್ಯನ ಬೆವರು ಆರುದಿಲ್ಲ, ಗೊತ್ತುಂಟಾ? ನೆರಳಲ್ಲಿ ಕೂತ್ರೂ, ನೀರು ಕುಡಿದ್ರೂ, ಆರೇಳು ಗಂಟೆ ಅಷ್ಟೇ. ಈ ರೀಡಿಂಗ್ ನಿಜ ಆದ್ರೆ ಜೈಸಲ್ಮೇರಿನಲ್ಲಿ ಈಗ ಒಬ್ಬರೂ ಬದುಕಿಲ್ಲ. ಸುಳ್ಳಾದ್ರೆ, ಒಬ್ಬ ಇಲ್ಲ."

ನಾನು ಫೋನ್ ಹಿಡಿದುಕೊಂಡೇ ನಿಂತೆ.

"ಸೀಸೆಯಲ್ಲಿ ನೀರು ಮುಗಿದಿದೆ. ಬಟ್ಟೆ ಒಣಗಿದೆ. ಒಣಗಿದ ಬಟ್ಟೆ ಸುತ್ತಿದ್ರೆ ಎರಡೂ ಥರ್ಮಾಮೀಟರು ಒಂದೇ ಹೇಳ್ತದೆ. ಕುತ್ತಿಗೆವರೆಗೆ ತುಂಬಿಸಿದ್ರೆ ಮೇ ತಿಂಗಳಲ್ಲಿ ನಾಲ್ಕು ದಿನ ಬರ್ತದೆ. ಇಪ್ಪತ್ತಕ್ಕೆ ಕಮ್ಮಿ ಬಿತ್ತು. ಹದಿನಾರಕ್ಕೆ ತುಂಬಿಸಿ ಹೋಗಿದ್ದಾನೆ." ಅವರು ಬೆರಳಿನಿಂದ ಆ ಸಾಲನ್ನು ಮುಟ್ಟಿದರು. "ಮನೆ ಬಿಡುವಾಗಲೂ ತುಂಬಿಸಿದ್ದಾನೆ ನೋಡು. ನಾನು ನಾಲ್ಕು ದಿನ ಕಾದೆ. ಬಂದು ತುಂಬಿಸ್ತಾನೆ ಅಂತ. ಯಾವತ್ತು ಹೋದ?"

ಒಳಗಿನ ಕೋಣೆಯಿಂದ ಅಕ್ಷಯಾ ಆಂಟಿ ಹೆಡ್‌ಸೆಟ್ಟನ್ನು ಕತ್ತಿಗೆ ಇಳಿಸಿಕೊಂಡು ಬಂದು ಬಾಗಿಲಲ್ಲೇ ನಿಂತಿದ್ದರು. ಅದರೊಳಗೆ ಯಾರೋ "ಅಕ್ಷಯಾ, ಯೂ ದೇರ್ ಆರ್ ನಾಟ್ ಲಾ?" ಎಂದು ಇರುವೆಯ ದನಿಯಲ್ಲಿ ಕೇಳುತ್ತಿದ್ದರು.

"ಹದಿನೆಂಟಕ್ಕೆ ಅಪ್ಪ," ಎಂದರು ಆಂಟಿ. "ನಿಮಗೆ ಏನಾದ್ರೂ ಆಗಿಬಿಟ್ರೆ ಅಂತ..."

"ಎಂತ ಆಗ್ತದೆ ನನಗೆ? ಅವನಿಗೆ ಆಗಿದೆ," ಎಂದರು ಅಜ್ಜ. ದನಿ ಎತ್ತರಿಸಲಿಲ್ಲ. ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು. ಆಂಟಿ ಮಾತ್ರೆಯ ಡಬ್ಬಿಗೆ ಓಡಿದರು, ಅಜ್ಜ ಬೇಡವೆಂದು ತಲೆಯಾಡಿಸಿದರು. ಆಮೇಲೆ ಫೋನಿಗೆ ಕೈಚಾಚಿದರು.

ಸುಗನಾಳ ಜೊತೆ ಅವರು ಮಾತಾಡಿದ್ದು ಅರ್ಧ ಹಿಂದಿ, ಅರ್ಧ ಅಲ್ಲಿನ ಮಾರವಾಡಿ; ನನಗೆ ತಿಳಿದಷ್ಟು ಹೇಳುತ್ತೇನೆ. ಮೊದಲು ಅವಳು ಅತ್ತಳು, ತಪ್ಪಾಯಿತು ಬಾಬುಜಿ ಎಂದಳು. ಇವರು ಹೇಳಿದರು, ನೀನು ಓದಿದ್ದು ಒಂದೂ ತಪ್ಪಿಲ್ಲ ಮಗಳೇ, ಗಾಜಿನಲ್ಲಿ ಏನಿತ್ತೋ ಅದನ್ನೇ ಓದಿದ್ದೀಯ. ನೀರು ಹಾಕಬೇಕೆಂದು ನಿನಗೆ ಯಾರೂ ಹೇಳಲಿಲ್ಲ, ಅಷ್ಟೇ. ಈಗ ಕೇಳು. ನೀರು ಕುದಿಸಿ ಆರಿಸು. ಹಳೆ ಬಟ್ಟೆ ಉಪ್ಪುಗಟ್ಟಿರುತ್ತದೆ, ಬಿಸಾಡು. ಬೆಳ್ಳಗಿನ ಹಳೆಯ ಮಲ್‌ಮಲ್ ಬಟ್ಟೆ ಇದ್ದರೆ ಒಂದು ತುಂಡು ಸೋಪಿಲ್ಲದೆ ತೊಳೆ. ಆಮೇಲೆ ಅವಳು ಏನೋ ಕೇಳಿದಳು. ಬಾಬಾಸಾ ಅವರ, ಅಂದರೆ ಮಾವನ, ಪೇಟದ ಬಟ್ಟೆ ಇದೆ, ಅದು ಆಗುತ್ತದಾ ಎಂದು ಕೇಳಿದ್ದಳಂತೆ. ಆಗುತ್ತದೆ, ಎಂದರು ಇವರು.

ಫೋನಿಟ್ಟು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ, ಅವರು ಪೆನ್ನು ಕೊಟ್ಟರು.

"ಇಪ್ಪತ್ತರಿಂದ ಇವತ್ತಿನವರೆಗೆ, ಒದ್ದೆಯ ಐದು ಅಂಕಿ. ಒಂದೇ ಗೆರೆ ಎಳಿ. ಕೆಳಗಿನ ಅಂಕಿ ಓದ್ಲಿಕ್ಕೆ ಆಗ್ಬೇಕು, ಉಜ್ಜಿ ಅಳಿಸುದಲ್ಲ. ಪಕ್ಕದಲ್ಲಿ ನಿನ್ನ ಹೆಸರಿನ ಅಕ್ಷರ ಹಾಕು. ಹೇಳಿದ್ದು ನೀನಲ್ವಾ?"

ಐದು ಗೆರೆ ಎಳೆದೆ. ಐದು ಸಲ 'ಪೂ' ಎಂದು ಬರೆದೆ. ಮೂವತ್ತೇಳು ವರ್ಷದ ಆ ಪುಸ್ತಕದಲ್ಲಿ ಅಷ್ಟು ವಿಧೇಯವಾಗಿ, ಅಷ್ಟು ಅವಮಾನಕರವಾಗಿ ನಾನು ಸೇರಿಕೊಂಡೆ. ಅಜ್ಜ ಪುಸ್ತಕವನ್ನು ವಾಪಸು ಎಳೆದುಕೊಂಡು, ಹದಿನೆಂಟನೇ ತಾರೀಕಿನ ಸಾಲಿಗೆ ಹೋಗಿ, ಷರಾ ಎಂದು ಬರೆದಿದ್ದ ಕೊನೆಯ ಅಂಕಣದಲ್ಲಿ ಎರಡೇ ಪದ ಬರೆದರು. 'ವೀಕ್ಷಕರ ಬದಲಾವಣೆ.' ಅಷ್ಟು ಬರೆದ ಮೇಲೆಯೇ ಅವರು ಅತ್ತದ್ದು.

ಮರುದಿನ ಹನ್ನೊಂದಕ್ಕೆ ಫೋನು ಬಂತು. ಒಣ ಮೂವತ್ತೈದು, ಒದ್ದೆ ಇಪ್ಪತ್ತಮೂರು. ಹನ್ನೆರಡು ಡಿಗ್ರಿಯ ಅಂತರ.

ಕೋಟೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ, ಹವೇಲಿ ಕಟ್ಟಿಸಿದವರ ಹೆಸರು ಪ್ರವಾಸಿಗಳ ಬಾಯಲ್ಲಿ ಇರುತ್ತದೆ. ಊರಿನ ಗಾಳಿ ಇಂಥ ದಿನ ಇಂಥ ಹೊತ್ತಿಗೆ ಎಷ್ಟು ಬಾಯಾರಿತ್ತೆಂದು ತಾರಸಿ ಹತ್ತಿ ನೋಡಿ ಬಂದವರ ಹೆಸರನ್ನು ಯಾರೂ ಎಲ್ಲಿಯೂ ಕೆತ್ತುವುದಿಲ್ಲ. ಅವರಿಗೆ ಅದು ಬೇಕಾಗಿಯೂ ಇಲ್ಲ. ನಮ್ಮಂಥವರು ಪ್ರೀತಿಯನ್ನು ಕರೆ, ಮೆಸೇಜು, ಹೃದಯದ ಚಿಹ್ನೆಗಳಲ್ಲಿ ಕಳಿಸುತ್ತೇವೆ. ಅವರು ದಿನಕ್ಕೆ ಎರಡು ಅಂಕಿ ಕಳಿಸುತ್ತಾರೆ, ಮತ್ತು ಆ ಅಂಕಿ ನಮ್ಮ ಪರವಾಗಿ ಸುಳ್ಳು ಹೇಳಲು ಒಪ್ಪುವುದಿಲ್ಲ. ಇಂಥವರಿಂದ ಸಾವನ್ನು ಬಚ್ಚಿಟ್ಟು ಅವರನ್ನು ಕಾಪಾಡಬಹುದೆಂದು ಮನೆಯವರಿಗೆ ಅನ್ನಿಸುತ್ತದೆ; ಅಷ್ಟರಲ್ಲಿ ಅವರು ಒಬ್ಬರೇ ಕೂತು, ಒಬ್ಬರೇ ತಿಳಿದುಕೊಂಡು, ನಾಲ್ಕು ದಿನ ಒಬ್ಬರೇ ಕಾದಿರುತ್ತಾರೆ. ಅವರನ್ನು ಪ್ರೀತಿಸುವವರಿಗೆ ಇರುವುದು ಒಂದೇ ಕೆಲಸ, ಗಾಜಿನ ಕೊಳವೆ ಹೇಳುವ ಮೊದಲು ನಾವು ಹೇಳಿಬಿಡುವುದು.